ಬಾಲದಿಂದ ಓದಿದ ಪದ

ಫ್ರೆಂಚ್ ಸಂಜೆ ತರಗತಿಯಲ್ಲಿ ಮೇಡಂ ಬೋರ್ಡಿನ ಮೇಲೆ ಒಂದೇ ಒಂದು ಪದ ಬರೆದು, ಓದಿ ಅಂದರು. ಒಟ್ಟು 25 ಅಕ್ಷರಗಳು. ಅರ್ಥ, 'ಸಂವಿಧಾನಕ್ಕೆ ವಿರುದ್ಧವಾಗಿ'. ಇಂಗ್ಲಿಷಿನ ರೂಢಿಯಲ್ಲಿ 'ಆಂಟಿಕಾನ್‌ಸ್ಟಿ' ಎಂದು ಹೊರಟ ನನ್ನ ನಾಲಿಗೆ ನಡುದಾರಿಯಲ್ಲೇ ತೊಡರಿತು. ಮೇಡಂ ಅಂಗೈಯಿಂದ ಪದವನ್ನು ಮುಚ್ಚಿ ಬಾಲವನ್ನಷ್ಟೇ ಬಿಟ್ಟರು: ಮಾಂ. ಅಂಗೈ ಎಡಕ್ಕೆ ಸರಿಯಿತು: ನೆಲ್‌ಮಾಂ. ಇನ್ನೂ ಸರಿಯಿತು: ಸ್ಯೊನೆಲ್‌ಮಾಂ. ಫ್ರೆಂಚಿನಲ್ಲಿ ಒತ್ತು ಬೀಳುವುದು ಕೊನೆಯಲ್ಲಿ. ಹಿಂದಿನಿಂದ ಕಟ್ಟುತ್ತ ಬಂದರೆ ಪ್ರತಿ ಸಲವೂ ಗೊತ್ತಿರುವ ಜಾಗಕ್ಕೇ ಬಂದು ಇಳಿಯುತ್ತೇವೆ, ಭಯವಿರುವುದಿಲ್ಲ. ಐದು ನಿಮಿಷದಲ್ಲಿ ಇಡೀ ತರಗತಿ ಹೇಳುತ್ತಿತ್ತು: ಆಂ-ತಿ-ಕೋಂಸ್-ತಿ-ತ್ಯೂ-ಸ್ಯೊ-ನೆಲ್-ಮಾಂ.

ನೋಟ್‌ಬುಕ್ಕಿನಲ್ಲಿ ಅದನ್ನು ಕನ್ನಡದಲ್ಲಿ ಬರೆದುಕೊಂಡಾಗ ನನಗಾದ ಸಂತೋಷ ದೊಡ್ಡದು. ವ್ಯಂಜನ ತನ್ನ ಮುಂದಿನ ಸ್ವರವನ್ನು ತಬ್ಬಿಕೊಳ್ಳುವುದು ಫ್ರೆಂಚಿನ ಸ್ವಭಾವ. ನಮ್ಮ ಕಾಗುಣಿತದ ಸ್ವಭಾವವೂ ಅದೇ ಅಲ್ಲವೇ? ಅವರ 'ತ' ಕೂಡ ಹಲ್ಲಿಗೆ ತಾಗುವ ನಮ್ಮ 'ತ'ವೇ, ಇಂಗ್ಲಿಷಿನಿಂದ ಕಲಿತ 'ಟ' ಅಲ್ಲ. ಆದರೆ ನಮ್ಮ ಸೊನ್ನೆ ಅಲ್ಲಿ ಪೂರ್ತಿ ಸಲ್ಲದು. ನಾವು 'ಆಂತಿ' ಎಂದಾಗ ನಾಲಿಗೆ 'ನ್' ಅನ್ನು ಮುಟ್ಟಿಯೇ ಮುಂದೆ ಹೋಗುತ್ತದೆ. ಅವರದು ಬರೀ ಮೂಗಿನಲ್ಲಿ ಹಾಯುವ ಸ್ವರ. 'ತ್ಯೂ' ಕೂಡ ಅಂದಾಜಿನ ಬರವಣಿಗೆ. ತುಟಿಯನ್ನು 'ಊ'ಗೆ ದುಂಡಾಗಿಸಿ 'ಈ' ಎನ್ನಬೇಕು. ಇದಕ್ಕೆ ನನಗೆ ಒಂದು ವಾರ ಕನ್ನಡಿ ಬೇಕಾಯಿತು.

ಈ ಪದ ಎಷ್ಟು ತುಂಡು ಎಂಬ ಲೆಕ್ಕ ಇನ್ನೂ ಚೆಂದ. ಮಾತಿನಲ್ಲಿ 8. ಸಾಲಿನ ಕೊನೆಯಲ್ಲಿ ಪದ ಒಡೆಯುವ ಮುದ್ರಕನಿಗೆ 9, ಏಕೆಂದರೆ ಮಾತಿನಲ್ಲಿ ನುಂಗಿಹೋಗುವ 'ಲ' ಅವನಿಗೆ ಬೇರೆಯೇ ತುಂಡು. ದಕ್ಷಿಣ ಫ್ರಾನ್ಸಿನವರು ಅದನ್ನು ನುಂಗದೆ ಉಚ್ಚರಿಸುವುದೂ ಉಂಟು. ಹಳೆಯ ಛಂದಸ್ಸಿನ ಕವಿಗಾದರೆ 10: ಅವನು 'ಸ್ಯೊ'ವನ್ನು 'ಸಿ-ಒ' ಎಂದು ಬಿಡಿಸುತ್ತಾನೆ. ಲಘು ಗುರುಗಳಿಲ್ಲದ, ತುಂಡುಗಳನ್ನೇ ಎಣಿಸುವ ಛಂದಸ್ಸು ಅದು. ರಾಸೀನ್ ನಾಟಕಗಳ ಸಾಲಿಗೆ 12 ತುಂಡುಗಳ ಅಳತೆ. ಅಷ್ಟರಲ್ಲಿ ಒಂದು ಹೆಚ್ಚು ಕಡಿಮೆಯಾದರೂ ಸಾಲು ಕುಂಟುತ್ತದೆ.

ಮೇಡಂ ಆ ದಿನ ಕೊನೆಗೆ ಬರೆದದ್ದು ಹಕ್ಕಿ ಎಂಬ ಅರ್ಥದ ಪುಟ್ಟ ಪದ. ಅಕ್ಷರಗಳು 6, ಐದು ಸ್ವರಗಳೂ ಅದರೊಳಗಿವೆ, ಒಂದೂ ತನ್ನ ಹೆಸರಿನಂತೆ ಕೇಳಿಸುವುದಿಲ್ಲ. ಉಚ್ಚಾರ ಎರಡೇ ತುಂಡು: ವಾ-ಜ಼ೋ. ಬಸ್ ಸ್ಟಾಪಿನವರೆಗೂ ಅದನ್ನೇ ಹೇಳಿಕೊಳ್ಳುತ್ತ ನಡೆದೆ.