ಗಿರಣಿಯೂರಿನಿಂದ ಕಂಡ ಹಳ್ಳಿ

'ಜನುಮದ ಜೋಡಿ' ನೋಡದವರು ನನ್ನ ವಯಸ್ಸಿನ ಕನ್ನಡಿಗರಲ್ಲಿ ಕಡಿಮೆ. 1996ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ, ಶಿವರಾಜ್‌ಕುಮಾರ್ ನಟಿಸಿದ ಆ ಚಿತ್ರವನ್ನು ನಮ್ಮ ಊರಿನದೇ ಕಥೆ ಎಂದು ನಂಬಿ ಎಷ್ಟೋ ಜನ ಕಣ್ಣೀರು ಹಾಕಿದ್ದಾರೆ. ಆದರೆ ಅದರ ಮೂಲ ಗುಜರಾತಿಯದು. ಪನ್ನಾಲಾಲ್ ಪಟೇಲರ 'ಮಳೇಲಾ ಜೀವ್' ಕಾದಂಬರಿ, 1941ರದ್ದು. ಕಳೆದ ಚಳಿಗಾಲದಲ್ಲಿ ಕೆಲಸದ ಮೇಲೆ ಮುಂಬಯಿಯಿಂದ ಅಹಮದಾಬಾದಿಗೆ ಹೋದವನು ಎರಡು ದಿನ ರಜೆ ಸೇರಿಸಿಕೊಂಡೆ. ಬರುವಾಗ ವಡೋದರಾ, ಸೂರತ್‌ಗಳಲ್ಲೂ ಇಳಿದೆ. ದಾರಿಯುದ್ದಕ್ಕೂ ತಲೆಯಲ್ಲಿದ್ದದ್ದು ಈ ಕಥೆಯೇ.

ಪನ್ನಾಲಾಲ್ ಹುಟ್ಟಿದ್ದು 1912ರಲ್ಲಿ, ಈಗಿನ ರಾಜಸ್ಥಾನಕ್ಕೆ ಸೇರಿದ ಮಾಂಡಲಿ ಎಂಬ ಹಳ್ಳಿಯಲ್ಲಿ. ಹೆಚ್ಚು ಓದಲಾಗಲಿಲ್ಲ. ಈಡರ್ ಶಾಲೆಯಲ್ಲಿ ಅವರಿಗೆ ಜೊತೆಯಾಗಿದ್ದವರು ಉಮಾಶಂಕರ ಜೋಶಿ. 1967ರ ಜ್ಞಾನಪೀಠವನ್ನು ನಮ್ಮ ಕುವೆಂಪು ಅವರೊಂದಿಗೆ ಹಂಚಿಕೊಂಡರಲ್ಲ, ಅವರೇ. 1936ರಲ್ಲಿ ಅಹಮದಾಬಾದಿನಲ್ಲಿ ಇಬ್ಬರೂ ಮತ್ತೆ ಭೇಟಿಯಾದಾಗ ಪನ್ನಾಲಾಲರನ್ನು ಬರವಣಿಗೆಗೆ ಹಚ್ಚಿದವರೂ ಜೋಶಿಯವರೇ. ಮನೆಮನೆಯ ಕರೆಂಟ್ ಮೀಟರ್ ಓದುವ ಕೆಲಸ ಮಾಡುತ್ತಲೇ ಪನ್ನಾಲಾಲ್ ಮೊದಲ ಕಥೆಗಳನ್ನು ಬರೆದರು. 1985ರ ಜ್ಞಾನಪೀಠ ಅವರಿಗೆ ಬಂತು. ಹಳ್ಳಿಯ ಈ ದೊಡ್ಡ ಕಥೆಗಾರ ಕಥೆಗಾರನಾದದ್ದು ಗಿರಣಿ ಹೊಗೆಯ ಊರಿನಲ್ಲಿ.

ಹೊಗೆ ಈಗಿಲ್ಲ. 1861ರಲ್ಲಿ ರಣಛೋಡಲಾಲ್ ಛೋಟಾಲಾಲ್ ಇಲ್ಲಿ ಮೊದಲ ಬಟ್ಟೆ ಗಿರಣಿ ಶುರುಮಾಡಿದರು. ಒಂದು ಕಾಲಕ್ಕೆ ಅರವತ್ತಕ್ಕೂ ಹೆಚ್ಚು ಗಿರಣಿಗಳಿದ್ದವು. ನಮ್ಮ ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಆದರೆ ಇದು ಭಾರತದ ಮ್ಯಾಂಚೆಸ್ಟರ್. 1980ರ ನಂತರ ಒಂದೊಂದಾಗಿ ಬಾಗಿಲು ಹಾಕಿ ಲಕ್ಷಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಗೋಮತಿಪುರದ ಕಡೆ ಕರೆದೊಯ್ದ ಆಟೋದವನು ಒಂದು ಚಿಮಣಿ ತೋರಿಸಿ, "ಅಪ್ಪ ಅಲ್ಲಿದ್ದರು. ಆಗ ಗಿರಣಿ ಕೂಗಿಗೆ ಮನೆಯಲ್ಲಿ ಒಲೆ ಹಚ್ಚುತ್ತಿದ್ದರು" ಎಂದ. ನಾವು ಹಳ್ಳಿಯ ಸುಗ್ಗಿ ನೆನೆಯುವ ದನಿಯಲ್ಲೇ ಅವನು ಗಿರಣಿಯನ್ನು ನೆನೆಯುತ್ತಿದ್ದ.

ಹಳೆಯ ಪೇಟೆಯ 'ಪೋಳ್'ಗಳಲ್ಲಿ ನಡೆದರೆ ಇದು ನಗರವೆನಿಸುವುದಿಲ್ಲ. ಓಣಿಗೊಂದು ಹೆಬ್ಬಾಗಿಲು, ಮನೆ ಮುಂದೆ ಜಗಲಿ, ನಡುವೆ ಕಂಬದ ಮೇಲೆ ಹಕ್ಕಿಗೆ ಕಾಳು ಹಾಕುವ ಗೂಡು. ಒಂದೊಂದು ಪೋಳ್ ಬಹುಮಟ್ಟಿಗೆ ಒಂದೊಂದು ಸಮುದಾಯದ್ದು. ಊರಿಗೆ ಬಂದವರು ಊರನ್ನೂ ಹೊತ್ತು ತಂದಿದ್ದರು.

ಗಿರಣಿಯೊಳಗೂ ಅದೇ. ಲಾಳಿಯಲ್ಲಿ ಕಂಡಿಕೆ ಮುಗಿದಾಗ ಹೊಸದನ್ನು ಹಾಕಿ, ಎಳೆಯ ತುದಿಯನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಹೊರಗೆಳೆಯಬೇಕಿತ್ತು. ದಲಿತನ ಬಾಯಿ ತಾಗಿದ ಲಾಳಿಯನ್ನು ಮಿಕ್ಕವರು ಮುಟ್ಟುವುದು ಹೇಗೆ? ಹಾಗಾಗಿ ಹೆಚ್ಚು ಕೂಲಿಯ ನೇಯ್ಗೆ ವಿಭಾಗ ದಲಿತರಿಗೆ ಮುಚ್ಚಿತ್ತು, ಅವರಿಗೆ ಉಳಿದದ್ದು ನೂಲುವ ವಿಭಾಗ. ಉಗಿಯಂತ್ರ ಇಂಗ್ಲೆಂಡಿನದಾದರೂ ಮಡಿ ನಮ್ಮದೇ.

1918ರ ಮುಷ್ಕರವೂ ಇದೇ ಊರಿನದು. ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಒಂದು ಕಡೆ, ಕಾರ್ಮಿಕರ ಜೊತೆ ಅವರ ಅಕ್ಕ ಅನಸೂಯಾ ಇನ್ನೊಂದು ಕಡೆ. ಕೂಲಿಕಾರರು ದಿನವೂ ಸಾಬರಮತಿಯ ದಡದಲ್ಲಿ ಒಂದು ಜಾಲಿಮರದ ಕೆಳಗೆ ಸೇರುತ್ತಿದ್ದರು. ಗಾಂಧೀಜಿ ಮೂರು ದಿನ ಉಪವಾಸ ಕೂತರು. ಬೇಡಿಕೆ ಹೊಸ ಕಾಲದ್ದು, ಸಭೆ ಮಾತ್ರ ಊರ ಕಟ್ಟೆಯದು.

ನಗರದ ಅಂಚಿನ ಹಳ್ಳಿ ಮಾದರಿ ಹೋಟೆಲೊಂದರಲ್ಲಿ ರಾತ್ರಿ ಊಟ. ಲಾಟೀನು, ಸಗಣಿ ಸಾರಿಸಿದ ನೆಲ, ಗೊಂಬೆಯಾಟ, ಬಾಜ್ರಾ ರೊಟ್ಟಿಗೆ ಬೆಣ್ಣೆ. ಚೆನ್ನಾಗಿತ್ತು. ಹಳೆಯ ಕಾಲದ ಸಿನಿಮಾಗಳಲ್ಲಿ ಕಟ್ಟುವ ಸೆಟ್ ಕೂಡ ಹೀಗೇ ಇರುತ್ತದೆ. ಬಾವಿ ಇದೆ, ಗಾಡಿ ಇದೆ, ಕೇರಿ ಮಾತ್ರ ಇಲ್ಲ. 'ಮಳೇಲಾ ಜೀವ್'ನಲ್ಲಿ ಅದು ಇದೆ. ಜಾತ್ರೆಯಲ್ಲಿ ಕಂಡು ಮನಸೋತ ಕಾನಜಿ ಪಾಟೀದಾರ, ಜೀವಿ ಕ್ಷೌರಿಕರ ಹುಡುಗಿ. ಅವರನ್ನು ಅಗಲಿಸಿದ್ದು ನಗರವಲ್ಲ, ಹಳ್ಳಿಯೇ. ಕೊನೆಗೆ ದಿಕ್ಕು ಕಾಣದೆ ಕಾನಜಿ ಊರು ಬಿಟ್ಟು ಪಟ್ಟಣ ಸೇರುತ್ತಾನೆ. ನಮ್ಮೂರುಗಳಿಂದ ಹೊರಟವರೆಲ್ಲ ಬರಗಾಲಕ್ಕೇ ಹೊರಟವರಲ್ಲ.

ಮರುದಿನ ವಡೋದರೆಯ ರೈಲು ಹಿಡಿದೆ. ನಡುವೆ ಸಿಗುವ ಆಣಂದ್ 'ಮಂಥನ್' ಚಿತ್ರದ ಕಥೆ ಮೊಳೆತ ನೆಲ. 1976ರಲ್ಲಿ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಶ್ಯಾಮ್ ಬೆನಗಲ್ ಚಿತ್ರವದು. ಪಟ್ಟಣದಿಂದ ಬರುವ ಪಶುವೈದ್ಯ ಡಾ. ರಾವ್ ನಮ್ಮ ಗಿರೀಶ ಕಾರ್ನಾಡರು. ಅವರಿಗೆ ಎದುರಾಗುವ ನಿಜವಾದ ತೊಡಕು ಹಾಲಿನ ಜಿಡ್ಡಿನದಲ್ಲ. ಸಂಘದ ಚುನಾವಣೆಯಲ್ಲಿ ಸರಪಂಚನ ಎದುರು ಕೇರಿಯವರು ನಿಲ್ಲಬಹುದೇ ಎಂಬುದು.

ವಡೋದರೆಯಲ್ಲಿ ಎಲ್ಲರೂ ಲಕ್ಷ್ಮೀವಿಲಾಸ ಅರಮನೆ ನೋಡಲು ಹೇಳುತ್ತಾರೆ. ನೋಡಿದೆ. ಆಮೇಲೆ ಸಯಾಜಿಬಾಗ್‌ಗೆ ಹೋದೆ. ಈ ಸಂಸ್ಥಾನದ ವಿದ್ಯಾರ್ಥಿವೇತನದಲ್ಲೇ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರರು 1917ರಲ್ಲಿ ಇಲ್ಲಿಗೆ ನೌಕರಿಗೆ ಬಂದರೆ ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪು ಬಂದು ಹೊರಹಾಕಿತು. ಮುಂಬಯಿ ರೈಲಿನ ಹೊತ್ತಾಗುವವರೆಗೆ ಅವರು ಕೂತದ್ದು ಈ ತೋಟದಲ್ಲಿ. ಆ ಜಾಗ ಈಗ ಸಂಕಲ್ಪ ಭೂಮಿ. ಆಲದ ನೆರಳಲ್ಲಿ ನಾನೂ ಸ್ವಲ್ಪ ಹೊತ್ತು ಕೂತೆ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕುವಾಗ "ನಿಮ್ಮದು ಯಾವ ಜನ?" ಎಂದು ಕೇಳಿದವರ ಮುಖಗಳು ನೆನಪಾದವು. ಡಿಪಾಜಿಟ್ ಎಷ್ಟು ಎಂಬುದು ಎರಡನೇ ಪ್ರಶ್ನೆಯಾಗಿತ್ತು.

ಸೂರತ್ ಇನ್ನೊಂದು ಬಗೆ. ಇಲ್ಲಿ ಗಿರಣಿ ನೆನಪಲ್ಲ, ಈ ಕ್ಷಣದ ಸದ್ದು. ಪವರ್‌ಲೂಮ್‌ಗಳ ಮುಂದೆ ನಿಂತವರಲ್ಲಿ ಬಹಳ ಜನ ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆಯ ಪಾಳಿ. ಒಬ್ಬ ಎದ್ದು ಕೆಲಸಕ್ಕೆ ಹೋದರೆ ಅದೇ ಹಾಸಿಗೆಗೆ ಕೆಲಸ ಮುಗಿಸಿದವನು ಬಂದು ಮಲಗುತ್ತಾನೆ. ರಿಂಗ್ ರೋಡಿನ ಮಾರ್ಕೆಟ್ಟಿನಲ್ಲಿ ಅಂಗಡಿಯವನು ಒಂದು ಸೀರೆ ಬಿಡಿಸಿ ತೋರಿಸಿದ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ. ಸಾಕ್ಷಾತ್ ಇಳಕಲ್! ಮುಟ್ಟಿದರೆ ಪಾಲಿಯೆಸ್ಟರ್. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುವ ಇಳಕಲ್ಲಿನ ಕೈಗಳು ಈ ಬೆಲೆಗೆ ಹೇಗೆ ಸರಿಗಟ್ಟಬೇಕು? ಊರ ಹಬ್ಬಕ್ಕೆ ನಾವು ಸಂಪ್ರದಾಯವೆಂದು ಉಡಿಸುವ ಸೀರೆ, ಊರು ಬಿಟ್ಟ ಯಾರೋ ಒಬ್ಬನ ರಾತ್ರಿಪಾಳಿಯದಿರಬಹುದು.

ನಮ್ಮ ಮಕ್ಕಳಿಗೆ ಹಳ್ಳಿ ಎಂದರೆ ಸಿನಿಮಾದಲ್ಲಿ ಕಂಡದ್ದು, ನಾವು ಹೇಳಿದ್ದು, ಅಷ್ಟೇ. ಹೇಳುವಾಗ ಜಾತ್ರೆಯ ತೊಟ್ಟಿಲ ಜೊತೆಗೆ ಅದರಲ್ಲಿ ಯಾರು ಯಾರ ಪಕ್ಕ ಕೂರುವಂತಿರಲಿಲ್ಲ ಎಂಬುದನ್ನೂ ಹೇಳಬೇಕು. ಅಜ್ಜಿಯ ರೊಟ್ಟಿಯ ಜೊತೆಗೆ ಆ ರೊಟ್ಟಿಯನ್ನು ಯಾರು ಹಿತ್ತಿಲಲ್ಲಿ ನಿಂತು ತಿನ್ನುತ್ತಿದ್ದರು ಎಂಬುದನ್ನೂ. ಇಲ್ಲದಿದ್ದರೆ ನಮ್ಮ ಹಳ್ಳಿಯೂ ಆ ಹೋಟೆಲಿನ ಹಳ್ಳಿಯಂತೆ ಲಾಟೀನಿನ ಬೆಳಕಲ್ಲಿ ಬಹಳ ಚಂದ ಕಾಣುತ್ತದೆ, ಮತ್ತು ಮನೆ ಬಾಡಿಗೆಗೆ ಕೊಡುವ ದಿನ ಬಂದಾಗ ಆ ಮಕ್ಕಳೂ ಅದೇ ಮೊದಲ ಪ್ರಶ್ನೆ ಕೇಳುತ್ತಾರೆ.