ಖೊ-ಖೊ ಅಂಗಳದಲ್ಲೊಂದು ಪಾಪನಿವೇದನೆ

ನೀವು ಎಂದಾದರೂ ಒಂದು ಮಗುವಿನ ಮುಂದೆ ಕ್ಷಮೆ ಬೇಡಿದ್ದೀರಾ?

ಧರ್ಮಕೇಂದ್ರದ ಶಾಲೆಯ ಏಳನೆಯ ತರಗತಿಯ ಬಾಲಕಿಯರಿಗೆ ಖೊ-ಖೊ ಕಲಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಗುರುಮಠದಲ್ಲಿ ದೈವಶಾಸ್ತ್ರ ಕಲಿತಿದ್ದೆನೇ ಹೊರತು ಈ ಆಟವನ್ನಲ್ಲ. ಮೊದಲ ಪಂದ್ಯದಲ್ಲಿ, ಬೆನ್ನಟ್ಟುತ್ತಿದ್ದ ನಮ್ಮ ಹುಡುಗಿಯ ಕೈಗೆ ಸಿಗದೆ ಎದುರಾಳಿ ಹಿಂದಕ್ಕೆ ನುಸುಳಿದಳು. "ತಿರುಗಿ ಹಿಡಿ!" ಎಂದು ಕೂಗಿದೆ. ಅವಳು ತಿರುಗಿದಳು, ತೀರ್ಪುಗಾರರು ಸೀಟಿ ಊದಿದರು. ಎಲ್ಲರೆದುರು ಅವಳನ್ನೇ ಗದರಿಸಿದೆ.

ಆ ರಾತ್ರಿ ನಿಯಮಗಳನ್ನು ಓದಿದೆ. ಬೆನ್ನಟ್ಟುವವರು ಹಿಡಿದ ದಿಕ್ಕನ್ನು ಕಂಬ ತಲುಪುವವರೆಗೆ ಬದಲಿಸುವಂತಿಲ್ಲ. ಎದುರಾಳಿ ಹಿಂದೆ ಉಳಿದರೆ, ಸಾಲಿನಲ್ಲಿ ಕುಳಿತ ಎಂಟು ಮಂದಿಯಲ್ಲಿ ಒಬ್ಬರ ಬೆನ್ನು ಮುಟ್ಟಿ 'ಖೊ' ಎಂದು, ಓಟವನ್ನು ಅವರಿಗೊಪ್ಪಿಸಿ, ಅವರ ಸ್ಥಳದಲ್ಲಿ ತಾವು ಕುಳಿತುಕೊಳ್ಳಬೇಕು.

ಮರುದಿನ ತಂಡದ ಮುಂದೆಯೇ, "ತಪ್ಪು ನನ್ನದು, ಮಗಳೇ, ಕ್ಷಮಿಸು" ಎಂದೆ.

"ನಿಯಮ ನನಗೆ ಗೊತ್ತಿತ್ತು ಫಾದರ್. ನೀವು ಹೇಳಿದಿರೆಂದು ತಿರುಗಿದೆ" ಎಂದಳು.

ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮಕ್ಕಳು ತಮಗೆ ತಿಳಿದ ಸತ್ಯಕ್ಕಿಂತಲೂ ನಮ್ಮ ಮಾತನ್ನು ಹೆಚ್ಚು ನಂಬುತ್ತಾರೆ. ತಂದೆತಾಯಂದಿರೇ, ಗುರುಗಳೇ, ಆ ನಂಬಿಕೆಗೆ ನಾವು ಯೋಗ್ಯರೇ? ಇಲ್ಲವೆಂದು ಕಂಡಾಗ, ಓಟ ನಿಲ್ಲಿಸಿ ಅವರ ಸಾಲಿನಲ್ಲಿ ಕುಳಿತುಕೊಳ್ಳುವ ದೀನತೆಯನ್ನು ಪ್ರಭುವು ನಮಗೆ ಅನುಗ್ರಹಿಸಲಿ.