ಗರಡಿಯ ಮಣ್ಣು

ಕನ್ನಡಿಗನ ನಿತ್ಯದ ನುಡಿಯಲ್ಲಿ ಗರಡಿಮನೆಯ ಋಣವೆಷ್ಟಿದೆಯೆಂಬುದನ್ನು ಅವನೇ ಅರಿಯನು. ಹಠವಾದಿಯನ್ನು ‘ಪಟ್ಟು ಹಿಡಿದವನು’ ಎನ್ನುತ್ತಾನೆ. ಎದುರಾಳಿಯ ಮುಂದೆ ‘ತೊಡೆ ತಟ್ಟುತ್ತಾನೆ’. ಸೋತವನು ‘ಮಣ್ಣು ಮುಕ್ಕಿದ’ನೆಂದು ನಗುತ್ತಾನೆ. ಇವುಗಳಿಗೆಲ್ಲ ಕುಸ್ತಿಯ ಕಣದ ವಾಸನೆಯುಂಟು. ಇವಕ್ಕಿಂತ ಮಿಗಿಲಾದುದು ‘ಸಾಧನೆ’ ಎಂಬ ಶಬ್ದ. ಯೋಗಿಯ ಏಕಾಂತಕ್ಕೂ ಪೈಲವಾನನ ಬೆವರಿಗೂ ನಾಡಿನ ಹಿರಿಯರು ಇದೊಂದೇ ಹೆಸರನ್ನಿಟ್ಟರು. ಇದು ಶಬ್ದದಾರಿದ್ರ್ಯದಿಂದ ಆದುದಲ್ಲ.

ಸಿಂಧನೂರು, ಲಿಂಗಸೂಗೂರು, ಮಸ್ಕಿಗಳ ಸೀಮೆ ಗಟ್ಟಿಮೈಯನ್ನು ಬೇಡುವ ನೆಲ. ತುಂಗಭದ್ರಾ ಎಡದಂಡೆಯ ಕಾಲುವೆ ಬರುವ ಮುನ್ನ ಇಲ್ಲಿಯದು ಮಳೆಯನ್ನೇ ನಂಬಿದ ಬೇಸಾಯ. ಅತ್ತ ಹಟ್ಟಿಯಲ್ಲಿ ಭೂಗರ್ಭವನ್ನು ಬಗೆದು ಚಿನ್ನ ತೆಗೆಯುವ ಕಾಯಕ. ಜಾತ್ರೆಯೆಂದರೆ ತೇರಿನ ಜೊತೆಗೆ ಕುಸ್ತಿಯೂ ಬೇಕು, ಸಂಗ್ರಾಣಿಕಲ್ಲನ್ನು ಎತ್ತುವ ಪಂದ್ಯವೂ ಬೇಕು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವು ಅಶೋಕನ ಹೆಸರನ್ನು ಲೋಕಕ್ಕೆ ತಿಳಿಸಿದುದಷ್ಟನ್ನೇ ಹಲವರು ಬಲ್ಲರು. ಉನ್ನತರಿಗೆ ಮಾತ್ರವಲ್ಲ, ಧರ್ಮನಿರತನಾದ ಅಲ್ಪನಿಗೂ ಗುರಿ ಎಟುಕುವುದೆಂಬ ಅದರ ಆಶಯವನ್ನು ಗಮನಿಸಿದವರು ವಿರಳ. ಗರಡಿಯ ಬಾಗಿಲಲ್ಲಿ ಕೆತ್ತಿಸತಕ್ಕ ಮಾತದು.

ಈ ಸೀಮೆಯ ಹಳ್ಳಿಯೊಂದರಲ್ಲಿ ಓರ್ವ ವೃದ್ಧ ವಸ್ತಾದನಿದ್ದನು. ಹೊಸದಾಗಿ ಬಂದ ಹುಡುಗನಿಗೆ ಆತ ಪಟ್ಟನ್ನು ಹೇಳಿಕೊಡುತ್ತಿರಲಿಲ್ಲ, ಗುದ್ದಲಿಯನ್ನು ಕೊಡುತ್ತಿದ್ದನು. ಕೆಮ್ಮಣ್ಣನ್ನು ಅಗೆಯಬೇಕು, ಹೆಂಟೆ ಒಡೆಯಬೇಕು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಬೆರೆಸಿ ಹದಮಾಡಬೇಕು. ತರುವಾಯ ಬೀಳುವ ಪಾಠ. ಬೀಳಲು ಅಂಜುವವನು ಮೈಯನ್ನು ಸೆಟೆಸುತ್ತಾನೆ. ಸೆಟೆದ ಮೈಯನ್ನು ಕೆಡಹುವುದು ಸುಲಭ, ಅದಕ್ಕೆ ಆಗುವ ಪೆಟ್ಟೂ ಅಧಿಕ. ಗದ್ದವನ್ನು ಎದೆಗೊತ್ತಿ, ಭಾರವನ್ನು ಬೆನ್ನಿಗೆಲ್ಲ ಹಂಚಿ ಬಿದ್ದವನು ಮರುಕ್ಷಣವೇ ಏಳಬಲ್ಲನು. ಗೆದ್ದವನು ಬಿದ್ದವನನ್ನು ಕೈಹಿಡಿದು ಎಬ್ಬಿಸದೆ ಕಣ ಬಿಟ್ಟರೆ ಆತನಿಗೆ ಎಂಟು ದಿನ ಗರಡಿಯ ಬಾಗಿಲು ಮುಚ್ಚಿತು.

ಈ ಶಿಕ್ಷಣಕ್ರಮ ಇಂದು ನೆನ್ನೆಯದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿನೋದಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟು, ಭಾರವೆತ್ತುವ, ನಡೆಯುವ, ನೀರಿನಲ್ಲಿ ಈಸುವ, ತೋಳು ಪಳಗಿಸುವ, ಕಂಬವನ್ನಾಶ್ರಯಿಸುವ ಶ್ರಮಗಳನ್ನು ನಿರೂಪಿಸಿದ್ದಾನೆ.

ಶಿಕ್ಷಕರು ಮರೆಯಬಾರದ ಒಂದು ಪ್ರಸಂಗವಿದೆ. ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಖಾಶಾಬಾ ಜಾಧವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ರೂಢಿಯಿಲ್ಲದ ಮ್ಯಾಟಿನ ಮೇಲೆ ಸೆಣಸಿ ಆರನೆಯವರಾದರು. ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾದ ಖರ್ಡೇಕರರು ಸ್ವಂತ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. 1952ರಲ್ಲಿ ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ಅದೇ ಮೊದಲ ವೈಯಕ್ತಿಕ ಪದಕ. ಪಟ್ಟು ಹಿಡಿದವರು ಇಬ್ಬರು. ಪದಕ ಒಬ್ಬರ ಕೊರಳಿಗೆ!

ಟಿಕೇಟಿನ ಕುಸ್ತಿಯ ಬಗೆಗೆ ವಿದ್ವಾಂಸರಿಗೆ ತಾತ್ಸಾರವುಂಟು. 1968ರಲ್ಲಿ ಮುಂಬಯಿಯಲ್ಲಿ ಲೂ ಥೆಜ್‌ನನ್ನು ಸೋಲಿಸಿದ ದಾರಾಸಿಂಗರನ್ನು ಮೆಚ್ಚುವವರೂ ದೂರದರ್ಶನದ ಪರದೆಯ ಮೇಲಿನ ಕಾದಾಟವನ್ನು ಕಂಡು ನಗುತ್ತಾರೆ. ಗೆಲುವು ಮೊದಲೇ ನಿಶ್ಚಿತವಾದ ಆಟ ಅದೆಂಬುದು ನಿಜ. ಆದರೆ ಎತ್ತಿ ಒಗೆದವನ ಎಲುಬು ಮುರಿಯದಂತೆ ಒಗೆಯುವುದು, ಬಿದ್ದವನು ಪ್ರತಿರಾತ್ರಿಯೂ ಬಿದ್ದು ಮರುದಿನ ಏಳುವುದು ಶ್ರಮವಿಲ್ಲದೆ ಸಿದ್ಧಿಸುವ ವಿದ್ಯೆಯಲ್ಲ. ಎದುರಾಳಿಯ ದೇಹವನ್ನು ತನ್ನ ಕೈಗೆ ಒಪ್ಪಿಸಿದ ಅಡವು ಎಂದು ತಿಳಿಯುವ ಮನಸ್ಸು ಅಲ್ಲಿಯೂ ಬೇಕು. ಬೀಳುವುದನ್ನು ಕಲಿಯದ ಮಕ್ಕಳು ಅದನ್ನು ವಸತಿಗೃಹದ ಕಲ್ಲುಹಾಸಿನ ಮೇಲೆ ಅನುಕರಿಸುವುದೇ ಭಯದ ಸಂಗತಿ.

ಆ ವಸ್ತಾದನ ಶಿಷ್ಯನೊಬ್ಬ ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾದನು. ಮೂರು ದಿನ ಮನೆಯಿಂದ ಹೊರಬೀಳಲಿಲ್ಲ, ಅನ್ನ ಮುಟ್ಟಲಿಲ್ಲ. ತಾಯಿ ಗಾಬರಿಯಾಗಿ ವಸ್ತಾದನಿಗೆ ಹೇಳಿಕಳುಹಿದಳು. ಮುದುಕ ಕೋಲೂರಿಕೊಂಡು ಬಂದು ಹೊಸ್ತಿಲಲ್ಲಿ ಕುಳಿತನು. ಪರೀಕ್ಷೆಯ ಮಾತೆತ್ತಲಿಲ್ಲ. “ಮಣ್ಣು ಬಿರುಸಾಗೇತಿ, ತಮ್ಮಾ. ಅಗಿಯಾವ್ರು ಯಾರೂ ಇಲ್ಲ” ಎಂದಷ್ಟೇ ನುಡಿದು, ತಾಯಿ ಕೊಟ್ಟ ಮಜ್ಜಿಗೆ ಕುಡಿದು ಎದ್ದನು.

ಮರುದಿನ ನಸುಕಿನಲ್ಲಿ ಹುಡುಗ ಗರಡಿಯಲ್ಲಿದ್ದನು. ಮರುಪರೀಕ್ಷೆಯ ಶುಲ್ಕ ಕಟ್ಟಿದುದು ಆ ವಾರವೇ.